ತೆರೆಯ ಮೇಲೆ ಯಾರ ಕನ್ನಡ?

ನಾವು ಚಿತ್ರಪಟಗಳ ವಿಮರ್ಶಕರಲ್ಲ. ಕರಿಯ ಕೋಟು ತೊಟ್ಟು ಧಾರವಾಡದ ನ್ಯಾಯಾಲಯದ ಮೆಟ್ಟಲುಗಳನ್ನು ಹತ್ತಿಳಿಯುವದೇ ನಮ್ಮ ನಿತ್ಯದ ಕಸುಬು. ಛಾಯಾಗ್ರಹಣದ ಸೂಕ್ಷ್ಮಗಳಾಗಲಿ, ಸಂಕಲನದ ಮರ್ಮಗಳಾಗಲಿ ನಮಗೆ ತಿಳಿಯವು. ವಾರದ ಕೊನೆಯಲ್ಲಿ ಕಕ್ಷಿದಾರರ ಕಾಗದಗಳನ್ನು ಕಟ್ಟಿಟ್ಟು ಮನೆಯವರೊಡನೆ ಒಂದು ಆಟ ನೋಡಿ ಬರುವ, ಬಂದ ಮೇಲೆ ಊಟಕ್ಕೆ ಕುಳಿತಾಗ ಅದರ ಗುಣದೋಷಗಳನ್ನು ಆಡಿಕೊಳ್ಳುವ ಸಾಮಾನ್ಯ ಪ್ರೇಕ್ಷಕರಲ್ಲಿ ನಾವೂ ಒಬ್ಬರು. ಆದರೂ ಕಳೆದ ಕೆಲವು ದಿನಗಳಲ್ಲಿ ಹೊಸವೂ ಹಳೆಯವೂ ಆದ ಏಳೆಂಟು ಕನ್ನಡ ಚಿತ್ರಗಳನ್ನು, ಕೆಲವನ್ನು ಚಿತ್ರಮಂದಿರದಲ್ಲಿ, ಉಳಿದವನ್ನು ಮನೆಯ ಟೀವಿಯಲ್ಲಿ, ಬೆನ್ನುಬೆನ್ನಿಗೆ ನೋಡುವ ಯೋಗ ಒದಗಿತು. ನೋಡುತ್ತ ಹೋದಂತೆ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಬಲಿಯುತ್ತ ಬಂದಿತು. ಅದನ್ನು ವಾಚಕರ ಮುಂದಿಡುವದಕ್ಕಾಗಿಯೇ ಈ ಲೇಖನ.

ಪ್ರಶ್ನೆಯು ಇಷ್ಟೆ: ತೆರೆಯ ಮೇಲಿನ ಜನರು ಆಡುವ ಕನ್ನಡವು ಯಾರ ಕನ್ನಡ?

ಇದೊಂದು ಸಣ್ಣ ಪ್ರಶ್ನೆಯೆಂದು ಯಾರೂ ಭಾವಿಸಬಾರದು. ಪುಸ್ತಕವು ಕಾಲಿಡದ ಮನೆಗೂ ಚಿತ್ರಪಟವು ಹೋಗುತ್ತದೆ. ಅಕ್ಷರವರಿಯದ ಮುದುಕಿಯೂ ಅದನ್ನು ನೋಡುತ್ತಾಳೆ. ಇನ್ನೂ ಅಕ್ಷರ ಕಲಿಯದ ಮಗುವೂ ನೋಡುತ್ತದೆ. ಗೌರವದ ಮಾತು ಯಾವದು, ನಗೆಗೀಡಾಗುವ ಮಾತು ಯಾವದು ಎಂಬುದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಮೊದಲೇ ತೆರೆಯಿಂದ ಕಲಿತಿರುತ್ತಾರೆ. ಆದುದರಿಂದ ಈ ಮಾತಿನಲ್ಲಿ ಶಿಕ್ಷಕರಿಗೂ ಪಾಲುಂಟು.

ಮೊದಲು ಸ್ವಲ್ಪ ಇತಿಹಾಸ. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರವಾದ 'ಸತಿ ಸುಲೋಚನಾ' 1934ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿತವಾಯಿತು. ಅದರ ಚಿತ್ರೀಕರಣ ನಡೆದದ್ದು ಕನ್ನಡ ಸೀಮೆಯೊಳಗಲ್ಲ, ಕೊಲ್ಹಾಪುರದಲ್ಲಿ. ಮಾತು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ನಟಿಸಿದವರು ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ರಂಗಭೂಮಿಯ ಧೀಮಂತರು. ಕಥೆಯು ಪುರಾಣದ್ದು, ಆಡುವವರು ನಾಟಕದವರು. ಹೀಗಾಗಿ ತೆರೆಗೆ ಬಂದ ಕನ್ನಡವೂ ರಂಗದ ಕನ್ನಡವೇ ಆಗಿದ್ದಿತು. ಮುಂದೆ ಬಹುಕಾಲ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾದವು. ಪರಸ್ಥಳದಲ್ಲಿ ಕುಳಿತು ಎಲ್ಲ ಕನ್ನಡಿಗರಿಗೂ ಸಲ್ಲುವ ಮಾತನ್ನು ಬರೆಯಬೇಕಾದವರು ಗ್ರಂಥದ ಭಾಷೆಯನ್ನೂ, ಮೈಸೂರು ಬೆಂಗಳೂರುಗಳ ನಾಗರಿಕರ ಮಾತನ್ನೂ ಕೂಡಿಸಿ ಒಂದು ಮಾದರಿಯನ್ನು ಮಾಡಿಕೊಂಡುದು ಸ್ವಾಭಾವಿಕವೇ ಸರಿ.

ಆ ಮಾದರಿಯಿಂದಾದ ಉಪಕಾರವನ್ನು ನಾವು ಮರೆಯಲಾರೆವು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದು ರಾಜಕುಮಾರರು ನಾಯಕನಟರಾದಾಗ ಕನ್ನಡನಾಡು ಇನ್ನೂ ಒಂದಾಗಿರಲಿಲ್ಲ. ಬೀದರವು ಹೈದರಾಬಾದಿನಲ್ಲಿತ್ತು, ಧಾರವಾಡವು ಮುಂಬಯಿಯಲ್ಲಿತ್ತು, ಮಂಗಳೂರೂ ಕೊಳ್ಳೇಗಾಲವೂ ಮದರಾಸಿನಲ್ಲಿದ್ದವು, ಕೊಡಗು ತಾನೇ ಒಂದು ರಾಜ್ಯವಾಗಿತ್ತು. ಎರಡು ವರ್ಷಗಳ ತರುವಾಯ, 1956ರ ನವೆಂಬರ 1ರಂದು, ಈ ತುಂಡುಗಳು ಕೂಡಿದವು. ಕೂಡಿದ ನಾಡಿಗೆ ಕರ್ನಾಟಕವೆಂಬ ಹೆಸರು ಬರಲು 1973ರವರೆಗೆ ಕಾಯಬೇಕಾಯಿತು. ಆ ನಡುವಿನ ವರ್ಷಗಳಲ್ಲಿ, ಒಬ್ಬರ ಮಾತು ಒಬ್ಬರಿಗೆ ಹೊಸದಾಗಿದ್ದ ಕಾಲದಲ್ಲಿ, ರಾಜಕುಮಾರರ ಸ್ಫುಟವಾದ ಉಚ್ಚಾರವು ಮನೆಮನೆಯ ಪರಿಚಯದ ದನಿಯಾಯಿತು. ನಮ್ಮ ತಂದೆಯವರು ಮನೆಯಲ್ಲಿ ಧಾರವಾಡದ ಮಾತಾಡುವರು. ಯಾರಾದರೂ ಮೈಸೂರ ಕಡೆಯ ಅತಿಥಿಗಳು ಬಂದರೆ ತಾವು ಚಿತ್ರಗಳಿಂದ ಕಲಿತ ಕನ್ನಡವನ್ನಾಡಲು ಹವಣಿಸುವರು. ಎಲ್ಲರಿಗೂ ತಿಳಿಯುವ ಒಂದು ಮಾತು ಬೇಕಾಗಿತ್ತು. ಚಿತ್ರಪಟವು ಅದನ್ನು ಕೊಟ್ಟಿತು. ಋಣವು ಋಣವೇ.

ಆದರೆ ಅದರೊಡನೆ ಒಂದು ಅನ್ಯಾಯವೂ ಬೆಳೆಯಿತು. ನಾಯಕನು ಒಂದು ಕನ್ನಡವನ್ನಾಡುವನು. ಅವನ ಮನೆಯ ಆಳು ಇನ್ನೊಂದನ್ನಾಡುವನು. ನಾಯಕನ ಮಾತಿಗೆ ಪ್ರೇಕ್ಷಕರು ತಲೆದೂಗುವರು. ಆಳಿನ ಮಾತಿಗೆ ನಗುವರು. ಎಷ್ಟೋ ಚಿತ್ರಗಳಲ್ಲಿ ಆ ಆಳಿನ ಬಾಯಲ್ಲಿದ್ದುದು ನಮ್ಮ ಕಡೆಯ ಮಾತು. ಅವನು ಹೇಳಿದ ಸಂಗತಿಯು ನಗೆಯದಾಗಿರಬೇಕೆಂಬ ನಿಯಮವೂ ಇರಲಿಲ್ಲ. ಮಾತಿನ ಧಾಟಿಯೇ ನಗೆಯ ಸಾಮಗ್ರಿಯಾಗಿತ್ತು.

ನಾವು ಕಾಯದೆಯ ವ್ಯಾಸಂಗಕ್ಕಾಗಿ ಬೆಂಗಳೂರಿಗೆ ಹೋದ ಮೊದಲ ವರ್ಷ, ವಸತಿಗೃಹದ ಗೆಳೆಯರೊಡನೆ ಇಂಥದೇ ಒಂದು ಚಿತ್ರಕ್ಕೆ ಹೋಗಿದ್ದೆವು. ತೆರೆಯ ಮೇಲೆ ಒಬ್ಬ ಆಳು ಬಂದು ನಮ್ಮ ಅಜ್ಜನ ಧಾಟಿಯಲ್ಲಿ ಮಾತಾಡಿದನು. ಮಂದಿರವೆಲ್ಲ ನಕ್ಕಿತು. ನಾವೂ ನಕ್ಕೆವು. ಮರುದಿನ ಊಟದ ಮನೆಯಲ್ಲಿ ನಾವು ಬಾಯಿತೆರೆದು ಒಂದು ರೊಟ್ಟಿ ಕೇಳಿದಾಗ ಗೆಳೆಯರು ಮತ್ತೆ ಅದೇ ನಗೆ ನಕ್ಕರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಆ ದಿನದಿಂದ ಪದವಿ ಮುಗಿಯುವವರೆಗೆ ನಾವು ಅವರ ಮುಂದೆ ನಮ್ಮ ಮನೆಯ ಮಾತಾಡಲಿಲ್ಲ. ಹಿಂದಿನ ರಾತ್ರಿ ಅಜ್ಜನ ಮಾತಿಗೆ ತಾವೂ ನಕ್ಕಿದ್ದೆವೆಂಬ ನೆನಪು ಇಂದಿಗೂ ಮುಳ್ಳಾಗಿ ಉಳಿದಿದೆ.

ಈ ಹಿನ್ನೆಲೆಯಿಂದ ಈಗ ನೋಡಿದ ಚಿತ್ರಗಳಿಗೆ ಬರುತ್ತೇವೆ.

ಮೊದಲು ನೋಡಿದ್ದು 'ತಿಥಿ'. ರಾಮ್ ರೆಡ್ಡಿಯವರು ನಿರ್ದೇಶಿಸಿ, ಈರೇಗೌಡರು ಕಥೆಗೆ ಕೈಜೋಡಿಸಿದ ಈ ಚಿತ್ರವು 2015ರಲ್ಲಿ ಸ್ವಿಜರ್ಲೆಂಡದ ಲೊಕಾರ್ನೊ ಉತ್ಸವದಲ್ಲಿ ಬಂಗಾರದ ಚಿರತೆಯ ಪ್ರಶಸ್ತಿ ಪಡೆದು, 2016ರಲ್ಲಿ ನಮ್ಮ ನಾಡಿನಲ್ಲಿ ತೆರೆಕಂಡಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತ ಚಿತ್ರಿತವಾದ ಇದರಲ್ಲಿ ನಟಿಸಿದವರು ಹಳ್ಳಿಯ ಜನರೇ ಹೊರತು ಕಸುಬಿನ ನಟರಲ್ಲ. ನೂರೊಂದು ವರ್ಷದ ಸೆಂಚುರಿಗೌಡನು ಸತ್ತುಹೋಗುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗಾಗಿ ಅವನ ಮಗ, ಮೊಮ್ಮಗ, ಮರಿಮಗ ಮೂವರ ಸ್ವಭಾವವೂ ಬಯಲಿಗೆ ಬರುತ್ತದೆ. ಮಗ ಗಡ್ಡಪ್ಪನಿಗೆ ಭೂಮಿಯೂ ಬೇಡ, ಮನೆಯೂ ಬೇಡ. ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೊಲದ ಬದುಗಳ ಮೇಲೆ ನಡೆಯುತ್ತಿದ್ದರೆ ಸಾಕು. ಮೊಮ್ಮಗ ತಮ್ಮಣ್ಣನಿಗೆ ಭೂಮಿ ಮಾರುವ ಅವಸರ. ಅದಕ್ಕಾಗಿ ಬದುಕಿರುವ ತಂದೆಯನ್ನೇ ಸತ್ತನೆಂದು ಸಾರುವ ಸುಳ್ಳು ಮರಣಪತ್ರವನ್ನು ಮಾಡಿಸಲು ಹೊರಡುತ್ತಾನೆ.

ವಕೀಲರಾದ ನಮಗೆ ಈ ಕಥೆಯು ಎಷ್ಟು ರುಚಿಸಿತೆಂಬುದನ್ನು ಹೇಳತೀರದು. ಖಾತೆ, ಪಹಣಿ, ವಾರಸುದಾರರ ಪತ್ರಗಳ ಬೆನ್ನು ಹತ್ತಿದ ತಮ್ಮಣ್ಣಗಳು ವಾರಕ್ಕೆ ಇಬ್ಬರಾದರೂ ನಮ್ಮ ಕಚೇರಿಗೆ ಬರುತ್ತಾರೆ. ತನಗೆ ಭೂಮಿ ಬೇಡವೆಂದು ಹೇಳಿಕೊಂಡು ಬಂದ ಗಡ್ಡಪ್ಪನನ್ನು ಮಾತ್ರ ಇಷ್ಟು ವರ್ಷಗಳಲ್ಲಿ ನಾವು ಕಂಡಿಲ್ಲ. ಆದರೆ ನಮ್ಮ ಮನಸೆಳೆದುದು ಕಥೆಗಿಂತ ಹೆಚ್ಚಾಗಿ ಅವರಾಡುವ ಮಾತು. ಮಂಡ್ಯವು ಹಳೆಯ ಮೈಸೂರ ಸೀಮೆಯದೇ. ಹಾಗಿದ್ದರೂ ಮಂಡ್ಯದ ರೈತನ ಮಾತು ತೆರೆಯ ಮೇಲೆ ಗೌರವದಿಂದ ಕೂತದ್ದು ಅಪರೂಪ. ಅಲ್ಲಿಯವರೆಗೆ ನಮ್ಮ ದೂರು ಮೈಸೂರ ಕಡೆಯವರ ಮೇಲೆ ಇದ್ದಿತು. 'ತಿಥಿ'ಯನ್ನು ನೋಡಿದ ಮೇಲೆ ಅದನ್ನು ತಿದ್ದಿಕೊಳ್ಳಬೇಕಾಯಿತು. ಅನ್ಯಾಯವಾದದ್ದು ಉತ್ತರದವರಿಗೆ ಮಾತ್ರವಲ್ಲ. ಪೇಟೆಯ ಮಾತು ಹಳ್ಳಿಯ ಮಾತನ್ನು ಎಲ್ಲ ಕಡೆಗೂ ಆಳಿನ ಜಾಗದಲ್ಲಿ ನಿಲ್ಲಿಸಿತ್ತು. ಈ ಚಿತ್ರದಲ್ಲಿ ಪ್ರೇಕ್ಷಕರು ಮನಸಾರೆ ನಗುತ್ತಾರೆ. ಆದರೆ ಮಾತಿನ ಧಾಟಿಗಲ್ಲ, ಮಾತಿನೊಳಗಿನ ಬುದ್ಧಿಗೆ ನಗುತ್ತಾರೆ. ದೋಷವಿಲ್ಲವೆಂದಲ್ಲ. ಮರಿಮಗನ ಪ್ರೇಮಪ್ರಕರಣವು ಬೇಕಾದುದಕ್ಕಿಂತ ಉದ್ದವಾಯಿತು. ಇಷ್ಟು ಗಂಡಸರ ನಡುವೆ ಹೆಂಗಸರ ಮಾತು ಬಹಳ ಕಡಿಮೆಯಾಯಿತು.

ಎರಡನೆಯದು 'ಕಾಂತಾರ'. 2022ರ ಸೆಪ್ಟೆಂಬರ ಕೊನೆಯಲ್ಲಿ ಬಂದ ರಿಷಬ್ ಶೆಟ್ಟಿಯವರ ಈ ಚಿತ್ರವನ್ನು ನೋಡದ ಕನ್ನಡಿಗರು ವಿರಳ. ಇದರಲ್ಲಿಯ ಅಭಿನಯಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತು; 2025ರ ಅಕ್ಟೋಬರದಲ್ಲಿ ಇದರ ಪೂರ್ವಕಥೆಯೂ ತೆರೆಕಂಡಿತು. ಕರಾವಳಿಯ ಕಾಡಂಚಿನ ಹಳ್ಳಿ, ಭೂತಕೋಲ, ಪಂಜುರ್ಲಿ, ಗುಳಿಗ, ಕಂಬಳದ ಗದ್ದೆ, ಇವೆಲ್ಲವುಗಳೊಡನೆ ಆ ಸೀಮೆಯ ಕನ್ನಡವೂ ಮೊದಲಿನಿಂದ ಕೊನೆಯವರೆಗೆ ತೆರೆಯ ಮೇಲಿದೆ. ನಮ್ಮ ಮನೆಯ ಮಕ್ಕಳು ಆ ಧಾಟಿಯನ್ನು ವಾರಗಟ್ಟಲೆ ಅನುಕರಿಸಿದರು. ಹಾಸ್ಯಕ್ಕಾಗಿಯಲ್ಲ, ನಾಯಕನಂತಾಗಬೇಕೆಂಬ ಆಸೆಯಿಂದ! ಧಾರವಾಡದ ಹುಡುಗನು ಕುಂದಾಪುರದ ಕಡೆಯ ಮಾತನ್ನು ಹೆಮ್ಮೆಯಿಂದಾಡುವ ಕಾಲ ಬಂದೀತೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಹೀಗೆ ಹೊಗಳಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕಲ್ಲವೆ? ಚಿತ್ರದ ಮೂಲದಲ್ಲಿರುವದು ಒಂದು ಭೂವ್ಯಾಜ್ಯ. 1847ರಲ್ಲಿ ಅರಸನು ದೈವದ ಎದುರಿಗೆ ಜನರಿಗೆ ಭೂಮಿ ಕೊಟ್ಟನು. 1970ರಲ್ಲಿ ಅವನ ವಂಶಜನೊಬ್ಬನು ಅದನ್ನು ಮರಳಿ ಪಡೆಯಲೆಂದು ಕೋರ್ಟಿನ ಮೆಟ್ಟಲಿಗೆ ಹೋಗಿ ಅಲ್ಲಿಯೇ ಸತ್ತನು. 1990ರಲ್ಲಿ ದೊಡ್ಡಮನೆಯ ಯಜಮಾನನೂ ಅರಣ್ಯ ಇಲಾಖೆಯೂ ಜನರೂ ಆ ಭೂಮಿಗಾಗಿಯೇ ಎದುರುಬದುರಾದರು. ಕೊನೆಗೆ ಗುಳಿಗನು ಅಬ್ಬರಿಸಿ ದುಷ್ಟರನ್ನು ಸಂಹರಿಸಿ, ಅಧಿಕಾರಿಯ ಕೈಯನ್ನೂ ಜನರ ಕೈಯನ್ನೂ ಕೂಡಿಸಿ ಮಾಯವಾಗುತ್ತಾನೆ. ಮೈನವಿರೇಳಿಸುವ ದೃಶ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೈ ಕೂಡಿಸಿದ್ದಾಯಿತು, ಹಕ್ಕುಪತ್ರವು ಯಾರ ಕೈಗೆ ಬಂದಿತು? ಮಂದಿರದ ದೀಪ ಹತ್ತಿದಾಗ ನಮ್ಮ ವಕೀಲಬುದ್ಧಿಯು ಇದನ್ನು ಕೇಳದೆ ಬಿಡಲಿಲ್ಲ. ನಾಯಕಿಯೊಡನೆ ನಾಯಕನು ನಡೆದುಕೊಳ್ಳುವ ರೀತಿಯಲ್ಲಿಯೂ, ಮೊದಲರ್ಧದ ಕೆಲವು ಅಗ್ಗದ ವಿನೋದಗಳಲ್ಲಿಯೂ ನಮಗೆ ರುಚಿ ಹುಟ್ಟಲಿಲ್ಲ.

ಆ ತಕರಾರಿಗೆ ಉತ್ತರವೆಂಬಂತೆ ಮರುವಾರವೇ 'ಚೋಮನ ದುಡಿ'ಯನ್ನು ಮತ್ತೊಮ್ಮೆ ನೋಡಿದೆವು. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಚಿತ್ರಕ್ಕೂ, ಚೋಮನಾದ ಎಂ. ವಿ. ವಾಸುದೇವರಾಯರ ನಟನೆಗೂ ರಾಷ್ಟ್ರಪ್ರಶಸ್ತಿಗಳು ಸಂದವು. ಅದೇ ಕರಾವಳಿ, ಅದೇ ಭೂಮಿಯ ಹಸಿವು. ಚೋಮನು ಕೇಳುವದು ತುಂಡು ಹೊಲವನ್ನು ತಾನೇ ಉಳುವ ಹಕ್ಕನ್ನು. ಹುಟ್ಟಿದ ಜಾತಿಯ ಕಾರಣದಿಂದ ಅದು ಅವನಿಗಿಲ್ಲ. ಅವನ ಸಲುವಾಗಿ ಯಾವ ದೈವವೂ ಅಬ್ಬರಿಸಿ ಬರುವದಿಲ್ಲ. ಬಾಗಿಲು ಮುಚ್ಚಿಕೊಂಡು ದುಡಿಯನ್ನು ಬಾರಿಸುತ್ತ ಸಾಯುವದೊಂದೇ ಅವನಿಗುಳಿದ ದಾರಿ. 'ಕಾಂತಾರ'ವನ್ನು ನೋಡಿ ಕೇಕೆ ಹಾಕಿದ ಯುವಕರು ಈ ಚಿತ್ರವನ್ನೂ ಒಮ್ಮೆ ನೋಡಬೇಕೆಂದು ನಮ್ಮ ಸೂಚನೆ. ಒಂದೇ ನೆಲದ ಎರಡು ಸತ್ಯಗಳು ಪಕ್ಕಪಕ್ಕದಲ್ಲಿ ಕಾಣುವವು.

ಇನ್ನು ನಮ್ಮ ಕಡೆಯ ಮಾತು. ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' 1990ರದು, 'ನಾಗಮಂಡಲ' 1997ರದು. ಗಿರೀಶ ಕಾರ್ನಾಡರ ನಾಟಕದಿಂದ ಹುಟ್ಟಿದ ಎರಡನೆಯ ಚಿತ್ರದಲ್ಲಿ ಗಂಡನ ರೂಪದಲ್ಲಿ ಬರುವ ನಾಗನೂ, ಅವನನ್ನು ಗಂಡನೆಂದೇ ನಂಬಿದ ರಾಣಿಯೂ ನಮ್ಮ ಮನೆಯ ಪಡಸಾಲೆಯ ಮಾತನ್ನೇ ಆಡುತ್ತಾರೆ. ಪಂಚರೆದುರಿಗೆ ರಾಣಿಯು ಹಾವನ್ನು ಹಿಡಿದು ಪ್ರಮಾಣ ಮಾಡುವ ಸಂದರ್ಭವಂತೂ ಅಪೂರ್ವ. ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲವೆಂದು ಅವಳು ಹೇಳುವ ಮಾತಿನ ಒಂದೊಂದು ಅಕ್ಷರವೂ ನಿಜ. ಆದರೂ ಪಂಚರಿಗೆ ಪೂರ್ಣಸತ್ಯವು ತಿಳಿಯದು. ಇಂಥ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಸೋಲಿಸುವದು ಯಾವ ವಕೀಲನಿಗೂ ಸಾಧ್ಯವಿಲ್ಲ! ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಾಗಾಭರಣರು ನಮ್ಮ ಕಡೆಯವರಲ್ಲ. ಮೈಸೂರ ಸೀಮೆಯ ಮೂಲದವರು. ಒಂದು ಸೀಮೆಯ ಮಾತನ್ನು ತೆರೆಗೆ ತರುವದಕ್ಕೆ ಆ ಸೀಮೆಯಲ್ಲಿಯೇ ಹುಟ್ಟಿರಬೇಕೆಂಬ ನಿಯಮವಿಲ್ಲ. ಕಿವಿಯಿದ್ದರೆ ಸಾಕು, ಕಿವಿಯ ಹಿಂದೆ ಗೌರವವಿದ್ದರೆ ಸಾಕು.

ಕೊಡಗಿನ ಸಿಪಾಯಿಯ ಕಥೆಯಾದ 'ಮುತ್ತಿನ ಹಾರ'ವನ್ನೂ ನೋಡಿದೆವು. 1990ರಲ್ಲಿ ರಾಜೇಂದ್ರಸಿಂಗ ಬಾಬು ಅವರು ಮಾಡಿದ ಈ ಚಿತ್ರದಲ್ಲಿ ವಿಷ್ಣುವರ್ಧನರ ನಟನೆಗೆ ಕಣ್ಣೀರು ತಡೆಯದು. ಕೊಡಗಿನ ಉಡುಪು ಇದೆ, ಮಂಜು ಮುಸುಕಿದ ಬೆಟ್ಟಗಳಿವೆ. ಮಾತು ಮಾತ್ರ ಎಲ್ಲ ಚಿತ್ರಗಳ ಮಾತೇ. ಕೊಡವರ ಮನೆಮಾತು ಕನ್ನಡವಲ್ಲ, ಅದು ಬೇರೊಂದು ನುಡಿ. ಅಂತೆಯೇ ಕರಾವಳಿಯಲ್ಲಿ ತುಳುವೂ ಇದೆ. ಆದುದರಿಂದ ಈ ಚಿತ್ರದ ಮೇಲೆ ನಮ್ಮ ದೂರಿಲ್ಲ. ಕನ್ನಡನಾಡು ಕನ್ನಡದ ಹಲವು ಬಗೆಗಳಿಗೆ ಮಾತ್ರವಲ್ಲ, ಹಲವು ನುಡಿಗಳಿಗೂ ಮನೆಯೆಂಬುದನ್ನು ನೆನೆಯಲಿಕ್ಕೆ ಈ ಮಾತು ಹೇಳಿದೆವು.

ಕೊನೆಗೆ, ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದ ಚಿತ್ರ: 'ಶಿವಮ್ಮ ಯರೇಹಂಚಿನಾಳ'. ಜೈಶಂಕರ್ ಆರ್ಯರ್ ಅವರ ಈ ಮೊದಲ ಚಿತ್ರವು 2022ರಲ್ಲಿ ದಕ್ಷಿಣ ಕೊರಿಯದ ಬುಸಾನ್ ಉತ್ಸವದಲ್ಲಿ ಪ್ರಶಸ್ತಿ ಪಡೆದು, 2024ರ ಜೂನ್ ತಿಂಗಳಲ್ಲಿ ನಮ್ಮಲ್ಲಿ ತೆರೆಕಂಡಿತು. ಯರೇಹಂಚಿನಾಳವು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಒಂದು ಕಾಲಕ್ಕೆ ನಿಜಾಮನ ಸೀಮೆ. ಶಿವಮ್ಮನು ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡಿಹಾಕುವ ಹೆಂಗಸು. ಗಂಡನು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಮಗಳ ಮದುವೆಗೆ ಕೂಡಿಟ್ಟ ಹಣವನ್ನು ತೆಗೆದು ಅವಳು ಒಬ್ಬರಿಂದೊಬ್ಬರಿಗೆ ಸರಪಳಿಯಂತೆ ಮಾರಿಸುವ ಒಂದು ಶಕ್ತಿವರ್ಧಕದ ವ್ಯಾಪಾರಕ್ಕೆ ಕೈಹಾಕುತ್ತಾಳೆ. ಅದು ಗಂಡನನ್ನೂ ಎಬ್ಬಿಸೀತು, ಮನೆಯನ್ನೂ ಎತ್ತೀತು ಎಂದು ಅವಳ ನಂಬುಗೆ. ಊರವರಿಗೆ ಮಾರುತ್ತಾಳೆ, ಬೈಸಿಕೊಳ್ಳುತ್ತಾಳೆ, ಸಾಲ ಮಾಡುತ್ತಾಳೆ, ಮತ್ತೆ ಚೀಲ ಹೊತ್ತು ಹೊರಡುತ್ತಾಳೆ. ಶಿವಮ್ಮನಾಗಿ ಬರುವ ಶರಣಮ್ಮ ಚೆಟ್ಟಿಯವರು ನಟಿಸುತ್ತಿದ್ದಾರೆಂದು ಒಂದು ಕ್ಷಣವೂ ಅನಿಸಲಿಲ್ಲ. ಕಥೆಯ ಕೊನೆಯನ್ನು ಹೇಳಿ ವಾಚಕರ ಸ್ವಾರಸ್ಯವನ್ನು ಕೆಡಿಸಲಾರೆವು.

ಈ ಶಿವಮ್ಮನ ಮಾತನ್ನು ಕೇಳುತ್ತ ನಮಗೆ ನಮ್ಮ ನ್ಯಾಯಾಲಯದ ಒಂದು ದಿನ ನೆನಪಾಯಿತು. ವಿಧವೆಯೊಬ್ಬಳು ಜೀವನಾಂಶದ ಪ್ರಕರಣದಲ್ಲಿ ಸಾಕ್ಷಿ ಹೇಳುತ್ತಿದ್ದಳು. ನಿಮ್ಮ ಕಷ್ಟಕಾಲದಲ್ಲಿ ಮೈದುನನು ಮನೆಗೆ ಬಂದಿದ್ದನೇ ಎಂದು ಕೇಳಿದ್ದಕ್ಕೆ ಅವಳು "ಬಂದಿದ್ದಾರಿ, ಆದ್ರ ಬಂದಂಗ ಬಂದಿದ್ದಿಲ್ಲರಿ" ಎಂದಳು. ಕಾಗದದ ಮೇಲೆ ಏರಿದ್ದು ಇಷ್ಟೆ: "ಮೈದುನನು ಬಂದಿದ್ದನು." ಬರೆದದ್ದು ಸುಳ್ಳಲ್ಲ. ಆದರೆ ಅವಳ ದುಃಖ, ಅವಳ ದೂರು, ಅವಳ ಸ್ವಾಭಿಮಾನ ಎಲ್ಲವೂ ಆ ಎರಡನೆಯ ತುಂಡಿನಲ್ಲಿದ್ದವು. ಅದು ಬರೆಹಕ್ಕೆ ಇಳಿಯದೆ ಗಾಳಿಗೆ ಹೋಯಿತು. ಎಂಬತ್ತು ತೊಂಬತ್ತು ವರ್ಷಗಳಿಂದ ನಮ್ಮ ಚಿತ್ರಪಟಗಳು ಅನೇಕ ಸಲ ಮಾಡಿದ್ದು ಇದನ್ನೇ. ಹಳ್ಳಿಯ ಹೆಂಗಸಿನ ಸಂಗತಿಯನ್ನು ತೆಗೆದುಕೊಂಡವು. ಅವಳ ಮಾತನ್ನು ಬಿಟ್ಟವು. 'ಶಿವಮ್ಮ'ನಲ್ಲಿ ಆ ಎರಡನೆಯ ತುಂಡು ಹಾಗೆಯೇ ಉಳಿದಿದೆ. ಇದು ಅಲಂಕಾರದ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆ.

ಈಗ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಹೀಗೆ ಸೀಮೆಗೊಂದು ಕನ್ನಡವಾದರೆ ಒಂದಾದ ನಾಡು ಮತ್ತೆ ಒಡೆಯುವದಿಲ್ಲವೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಅವರ ಕಳವಳವು ಪ್ರಾಮಾಣಿಕವಾದದ್ದು. ಆದರೆ ನಾಡು ಒಂದಾದುದು ಎಲ್ಲರೂ ಒಬ್ಬರ ಮಾತನ್ನಾಡಲೆಂದಲ್ಲ. ಎಲ್ಲರ ಮಾತೂ ಒಂದೇ ಮನೆಯ ಮಾತೆಂದು ಒಪ್ಪಿಕೊಳ್ಳಲೆಂದು. ಅಣ್ಣತಮ್ಮಂದಿರ ಮನೆಯಲ್ಲಿ ಒಬ್ಬನು ಮಾತ್ರ ಮಾತಾಡಿ ಉಳಿದವರು ಬಾಯಿ ಮುಚ್ಚಿದ್ದರೆ ಅದನ್ನು ಒಗ್ಗಟ್ಟೆಂದು ಯಾರೂ ಕರೆಯರು. ಅಂಥ ಮನೆಯ ಪಾಲುಪಟ್ಟಿಯ ದಾವೆಗಳೇ ನಮ್ಮ ಕಚೇರಿಯ ಕಪಾಟಿನಲ್ಲಿ ತುಂಬಿವೆ. ಪತ್ರಿಕೆಗೆ, ಪಾಠಪುಸ್ತಕಕ್ಕೆ, ಸಭೆಗೆ ಎಲ್ಲರಿಗೂ ಸಲ್ಲುವ ಕನ್ನಡವು ಬೇಕು, ಇರಲಿ. ಕಥೆಯೊಳಗಿನ ಮನುಷ್ಯನು ಮಾತ್ರ ತನ್ನ ತಾಯಿಯಿಂದ ಕಲಿತದ್ದನ್ನು ಆಡಲಿ.

ಬೇರೆ ಸೀಮೆಯವರಿಗೆ ತಿಳಿಯುವದಿಲ್ಲವೆಂಬುದು ಎರಡನೆಯ ಆಕ್ಷೇಪ. ಇದಕ್ಕೆ ನಮ್ಮ ಅನುಭವವೇ ಉತ್ತರ. ಹೈಕೋರ್ಟಿನ ಕೆಲಸದ ನಿಮಿತ್ತವಾಗಿ ಬೆಂಗಳೂರಿಗೆ ಹೋದಾಗ ನಾವು 'ಶಿವಮ್ಮ'ನನ್ನು ಅಲ್ಲಿಯೇ ನೋಡಿದೆವು. ಪಕ್ಕದಲ್ಲಿ ಕೋಲಾರದ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಕುಳಿತಿದ್ದರು. ಮೊದಲ ಕಾಲು ಗಂಟೆಯಲ್ಲಿ ಎರಡು ಸಲ ನಮ್ಮತ್ತ ಬಾಗಿ, "ಸ್ವಾಮಿ, ಹಾಗಂದರೇನು?" ಎಂದು ಮೆಲ್ಲಗೆ ಕೇಳಿದರು. ಆಮೇಲೆ ಕೇಳಲಿಲ್ಲ. ಆಟ ಮುಗಿದಾಗ ಅವರು ಕನ್ನಡಕ ತೆಗೆದು ಕಣ್ಣೊರಸಿಕೊಳ್ಳುತ್ತಿದ್ದರು. ತಿಳಿಯದ ಮಾತಿಗೆ ಯಾರೂ ಕಣ್ಣೀರು ಹಾಕರು.

ಆದರೆ ಆ ದಿನದ ಉಳಿದ ಸಂಗತಿಯನ್ನೂ ಮುಚ್ಚಿಡದೆ ಹೇಳಬೇಕು. ಆ ಮಂದಿರದಲ್ಲಿ ನಮ್ಮನ್ನೂ ಕೂಡಿಸಿ ಎಣಿಸಿದರೆ ಇಪ್ಪತ್ತೊಂದು ಜನ. ಉಳಿದ ಕುರ್ಚಿಗಳೆಲ್ಲ ಬರಿದಾಗಿದ್ದವು. ನಾವಾದರೂ ಅದಕ್ಕೆಂದೇ ಹೋದವರಲ್ಲ. ಬೇರೊಂದು ದೊಡ್ಡ ಚಿತ್ರದ ತಿಕೀಟು ಸಿಗದ ಕಾರಣ ಇದಕ್ಕೆ ಒಳಹೊಕ್ಕವರು. ಎರಡು ದಿನ ಬಿಟ್ಟು ಗೆಳೆಯರೊಬ್ಬರನ್ನು ಕರೆದುಕೊಂಡು ಹೋದರೆ ಅಲ್ಲಿ ಆ ಚಿತ್ರದ ಆಟವೇ ಇರಲಿಲ್ಲ. ಊರಿಗೆ ಬಂದು ವಿಚಾರಿಸಿದೆವು: ರಾಜ್ಯೋತ್ಸವದಂದು ನಮ್ಮೊಡನೆ ಧ್ವಜ ಹಿಡಿದು ನಡೆದ, ಉತ್ತರದ ಮಾತಿಗೆ ಅಪಮಾನವಾಯಿತೆಂದು ಸಭೆಯಲ್ಲಿ ಗುಡುಗಿದ ಮಿತ್ರರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಅಪಮಾನ ಮಾಡಿದ ಚಿತ್ರಗಳಿಗೆ ನಾವು ಹಣ ಕೊಟ್ಟು ನಕ್ಕೆವು. ಮಾನ ಕೊಟ್ಟ ಚಿತ್ರಕ್ಕೆ ಬೆನ್ನು ತಿರುಗಿಸಿದೆವು. ಈ ಪ್ರಕರಣದಲ್ಲಿ ಫಿರ್ಯಾದಿಯೂ ನಾವೇ, ಅಪರಾಧಿಯೂ ನಾವೇ.

ನೋಡುವವರಿಲ್ಲದ ಚಿತ್ರಕ್ಕೆ ಇನ್ನೊಂದು ಆಪತ್ತೂ ಉಂಟು. ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ'ದ ಪ್ರತಿಯು ಇಂದು ಉಳಿದಿಲ್ಲ. ಅದರ ದನಿಗಳನ್ನು ನಾವಾರೂ ಕೇಳಲಾರೆವು. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವು ಪುನರುದ್ಧಾರವಾಗಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ನಮಗೆ ಹರ್ಷವೇ. ಆದರೆ ಎಲ್ಲ ಚಿತ್ರಗಳಿಗೂ ಅಂಥ ಭಾಗ್ಯವಿರುವದಿಲ್ಲ. ಹಳ್ಳಿಯ ಹೆಂಗಸಿನ ಮಾತು ಒಮ್ಮೆ ತೆರೆಯ ಮೇಲೆ ಬಂದಿತೆಂದು ಸುಮ್ಮನಾಗಲಾಗದು. ಕೇಳುವವರಿಲ್ಲದೆ ಅದೂ ಅಳಿದೀತು.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವು ಇಷ್ಟು. ನಿಮ್ಮ ಸೀಮೆಯದಾಗಲಿ, ನೆರೆಯ ಸೀಮೆಯದಾಗಲಿ, ಇಂಥ ಒಂದು ಚಿತ್ರ ಬಂದುದು ತಿಳಿದರೆ ಮೊದಲ ಮೂರು ದಿನಗಳೊಳಗಾಗಿ ಹೋಗಿರಿ. ನಾಲ್ಕನೆಯ ದಿನಕ್ಕೆ ಅದು ಇರಲಿಕ್ಕಿಲ್ಲ. ಚಿತ್ರವು ಕೆಟ್ಟದಾಗಿದ್ದರೆ ಕೆಟ್ಟದ್ದೆಂದು ನಿರ್ದಾಕ್ಷಿಣ್ಯವಾಗಿ ಹೇಳಿರಿ. ನಮ್ಮ ಸೀಮೆಯದೆಂಬ ಮೋಹದಿಂದ ಹೊಗಳಿದರೆ ಮಾತಿಗೂ ಮಾನವಿಲ್ಲ, ಕಲೆಗೂ ಮಾನವಿಲ್ಲ. ಇತ್ತೀಚೆಗೆ ಬರಿಯ ಗದ್ದಲದ ಚಿತ್ರಗಳೂ ಒಂದೊಂದು ಸೀಮೆಯ ಧಾಟಿಯನ್ನು ಹೊಸ ಅಂಗಿಯಂತೆ ತೊಟ್ಟುಕೊಂಡು ಬರುತ್ತಿವೆ; ಅವುಗಳಿಗೆ ಮರುಳಾಗದಿರಿ. ಶಿಕ್ಷಕರಾದವರಲ್ಲಿ ಇನ್ನೊಂದು ಮಾತು: ಶಾಲೆಯ ಸಮ್ಮೇಲನದ ನಾಟಕದಲ್ಲಿ ಆಳಿನ ಪಾತ್ರಕ್ಕೆ ಒಂದು ಕನ್ನಡ, ಅರಸನ ಪಾತ್ರಕ್ಕೆ ಒಂದು ಕನ್ನಡ ಎಂಬ ಪದ್ಧತಿಯನ್ನು ಈ ವರ್ಷವಾದರೂ ಬಿಡಿಸಿರಿ. ಅರಸನೂ ಒಮ್ಮೆ ನಮ್ಮ ಅಜ್ಜನಂತೆ ಮಾತಾಡಲಿ. ಮಕ್ಕಳು ಮೊದಲ ದಿನ ನಕ್ಕಾರು, ಎರಡನೆಯ ದಿನ ಕೇಳಿಯಾರು.

ಬರುವ ದೀಪಾವಳಿಗೆ ನಮ್ಮ ಮನೆಯಲ್ಲಿ ನೆಂಟರಿಷ್ಟರು ಕೂಡುವವರಿದ್ದಾರೆ. ಊಟವಾದ ಮೇಲೆ ಎಲ್ಲರನ್ನೂ ಕೂಡಿಸಿ 'ಶಿವಮ್ಮ'ನನ್ನು ತೋರಿಸಬೇಕೆಂದು ನಿಶ್ಚಯಿಸಿದ್ದೇವೆ. ಬೆಂಗಳೂರಿನ ವಸತಿಗೃಹದಲ್ಲಿ ಅಂದು ನಮ್ಮ ಮಾತಿಗೆ ನಕ್ಕ ಗೆಳೆಯರಲ್ಲೊಬ್ಬರೂ ಬರುವವರಿದ್ದಾರೆ. ಅವರಿಗೆ ರೊಟ್ಟಿಯನ್ನು ನಮ್ಮ ಮಾತಿನಲ್ಲಿಯೇ ಬಡಿಸುವವರಿದ್ದೇವೆ.